ಹೇಳದ ಜಪಸರ

ಸುಳ್ಳು ಹೇಳಬೇಡಿ ಎಂದು ಶಾಲೆಯಲ್ಲಿ ದಿನಾ ಗಂಟಲು ಹರಿದುಕೊಳ್ಳುವವಳು ನಾನು. ಮನೆಯಲ್ಲಿ ಅತ್ತೆಗೆ ಹೇಳಿದ ಸುಳ್ಳನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅತ್ತೆಗೆ ಮರೆವು ಶುರುವಾಗಿ ಎರಡು ವರ್ಷವಾಗಿತ್ತು. ಊಟ ಮಾಡಿದ್ದನ್ನು ಮರೆಯುತ್ತಿದ್ದರು, ಸಂಜೆ ಏಳರ ಜಪಸರವನ್ನು ಮರೆಯುತ್ತಿರಲಿಲ್ಲ. ನಮ್ಮ ಕ್ರೈಸ್ತ ಮನೆಗಳಲ್ಲಿ ಅದು ತಪ್ಪುವಂತಿಲ್ಲ. ಐವತ್ತು ಮಣಿ, ಮಣಿಗೊಂದರಂತೆ ಐವತ್ತು ನಮೋ ಮರಿಯ ಪ್ರಾರ್ಥನೆ. ಗಂಡ ಉಪ್ಪಿನಂಗಡಿಯ ಅಂಗಡಿ ಮುಚ್ಚಿ ಬರುವಾಗ ಒಂಬತ್ತಾಗುತ್ತಿತ್ತು. ನಾನು ನರಿಮೊಗರಿನ ಶಾಲೆ ಮುಗಿಸಿ, ದರ್ಬೆಯಲ್ಲಿ ಬಸ್ಸಿಳಿದು, ಅತ್ತೆಯನ್ನು ಮೀಯಿಸಿ, ಒಂದೇ ಪ್ರಶ್ನೆಗೆ ಇಪ್ಪತ್ತು ಸಲ ಉತ್ತರ ಕೊಟ್ಟು ಮುಗಿಸುವಾಗ ನನ್ನೊಳಗೆ ಏನೂ ಉಳಿದಿರುತ್ತಿರಲಿಲ್ಲ. ದೇವರ ಮೇಲೂ ಸಿಟ್ಟು ಬರುತ್ತಿತ್ತು.

ಒಂದು ಸಂಜೆ ಅವರು ಕುರ್ಚಿಯಲ್ಲೇ ತೂಕಡಿಸಿ ಎಚ್ಚೆತ್ತು, ಜಪಸರ ಹೇಳುವ ಎಂದರು. ಈಗಷ್ಟೇ ಆಯಿತಲ್ಲ ಎಂದುಬಿಟ್ಟೆ. ಅವರು ನಂಬಿದರು. ನಾನು ಚಹಾ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತೆ. ಅರ್ಧ ಗಂಟೆ ಯಾರೂ ನನ್ನನ್ನು ಕರೆಯಲಿಲ್ಲ. ಅದೆಷ್ಟು ಹಿತವಾಗಿತ್ತೆಂದರೆ ಮರುದಿನವೂ ಅದೇ ಮಾತು ಹೇಳಿದೆ, ಆಮೇಲೆ ಅದೇ ರೂಢಿಯಾಯಿತು. ಪ್ರಾರ್ಥನೆಯಲ್ಲಿ ಹೇಳುವ ಶೋಧನೆ, ಪಾಪದ ಕಡೆಗಿನ ಆ ಸೆಳೆತ, ಏನೋ ದೊಡ್ಡದು ಎಂದುಕೊಂಡಿದ್ದೆ, ನನಗೆ ಒಂದು ಲೋಟ ಚಹಾ ಸಾಕಾಯಿತು. ಕೈಹಿಡಿ ದೇವರೇ ಎಂದು ಕೇಳಿಕೊಳ್ಳುವಷ್ಟು ತ್ರಾಣ ಖಂಡಿತ ಇತ್ತು. ಕೇಳಲಿಲ್ಲ.

ತಿಂಗಳ ಮೊದಲ ಶುಕ್ರವಾರ ಫಾದರ್ ಮನೆಗೆ ಬಂದು ಅತ್ತೆಯ ಪಾಪನಿವೇದನೆ ಕೇಳಿ, ಪರಮಪ್ರಸಾದ ಕೊಟ್ಟು ಹೋಗುತ್ತಿದ್ದರು. ಆ ಹೊತ್ತು ನಾನು ಅಡುಗೆಮನೆಯಲ್ಲಿ ಇರುತ್ತಿದ್ದೆ. ಆ ಸಲ ಅವರನ್ನು ಕಳುಹಿಸಿ ಬಂದು ನೋಡಿದರೆ, ಅತ್ತೆ ಮಂಚ ಹಿಡಿದು ನೆಲಕ್ಕೆ ಮೊಣಕಾಲೂರಲು ಹೆಣಗುತ್ತಿದ್ದರು. ಎಂತ ಮಾಡುದು ನೀವು, ಬೀಳ್ತೀರಿ ಎಂದು ಗದರಿದೆ.

"ಪ್ರಾಯಶ್ಚಿತ್ತ ಉಂಟು ಮಗಾ," ಎಂದರು. "ಜಪಸರದ ಹೊತ್ತಿಗೆ ದಿನಾ ನನಗೆ ನಿದ್ದೆ ಬರ್ತದಲ್ಲ, ನೀನೊಬ್ಬಳೇ ಹೇಳುದು. ಫಾದರ್ ಹತ್ರ ಹೇಳಿದೆ."

ಎಲ್ಲವನ್ನೂ ಮರೆತವರು ಇದೊಂದನ್ನು ನೆನಪಿಟ್ಟುಕೊಂಡಿದ್ದರು. ನೀವು ನಿದ್ದೆ ಮಾಡಿದ್ದಲ್ಲ, ನಾನು ಸುಳ್ಳು ಹೇಳಿದ್ದು ಎನ್ನಬೇಕಿತ್ತು. ಬಾಯಿ ಬರಲಿಲ್ಲ, ಅವರು ತೀರಿಕೊಳ್ಳುವವರೆಗೂ ಬರಲಿಲ್ಲ. ಆಮೇಲೆ ಒಂದು ದಿನವೂ ಜಪಸರ ತಪ್ಪಿಸದಿದ್ದರೂ ಆ ಸಂಕಟ ಹೋಗಿಲ್ಲ. ಅಂದು ತೋಳು ಹಿಡಿದು ಮೊಣಕಾಲೂರಿಸಿದೆ. ಮಾಡದ ತಪ್ಪಿಗೆ ಅವರು ಕ್ಷಮೆ ಕೇಳುತ್ತಿದ್ದರು, ನಾನು ಅವರು ಬೀಳದ ಹಾಗೆ ಹಿಡಿದುಕೊಂಡು ನಿಂತಿದ್ದೆ.