ಉಂಡ ಮುದ್ದೆ ಎಲ್ಲಿ ಹೋಗುತ್ತಿತ್ತು

“ಅವ್ರು ಉಂಡ್ರು” ಎಂಬ ಮಾತನ್ನು ಮಗಳೇ ಆಡಿದಳೋ, ಅವ್ವ ಆಡಿದ್ದನ್ನು ನಾನು ಮಗಳ ಬಾಯಿಗೆ ಹಾಕಿ ನೆನಪಿಟ್ಟುಕೊಂಡಿದ್ದೇನೋ, ಗೊತ್ತಿಲ್ಲ. ಹೆಂಡತಿಯನ್ನು ಕೇಳಿದರೆ ಅಂಥ ಮಾತನ್ನು ಯಾರೂ ಆಡಲೇ ಇಲ್ಲ ಎನ್ನುತ್ತಾಳೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾವು ಹೊಳೆನರಸೀಪುರದಲ್ಲಿದ್ದೆವು. ಏಳು ವರ್ಷದ ಮಗಳಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಜೊತೆಗೆ ಗೋಧಿ ಸೇರದ ಸೀಲಿಯಾಕ್ ಕೂಡ ಇದೆಯೆಂದು ಹಾಸನದ ಡಾಕ್ಟರು ಹೇಳಿದ ದಿನವೇ ಗೋಧಿ, ಮೈದಾ, ರವೆ ಮನೆಯಿಂದ ಹೊರಗೆ ಹೋದವು. ಅವಳಿಗೆ ಅನ್ನ, ಇಲ್ಲವೇ ರಾಗಿಮುದ್ದೆ. ಆದರೂ ಊಟವಾದ ಸ್ವಲ್ಪ ಹೊತ್ತಿಗೆ ಬೆವೆತು ತಣ್ಣಗಾಗುತ್ತಿದ್ದಳು. ರಕ್ತ ನೋಡಿದರೆ ಸಕ್ಕರೆ ತೀರಾ ಇಳಿದಿರುತ್ತಿತ್ತು. ಹೀಗೇ ಒಂದು ದಿನ ಎಚ್ಚರವಾಗದೆ ಹೋದರೆ ಎಂಬ ಭಯ ನಮಗೆ.

ಒಂದು ಭಾನುವಾರ ಮಧ್ಯಾಹ್ನ ಪೂರ್ತಿ ಮುದ್ದೆ ಉಂಡವಳು ಖಾಲಿ ತಟ್ಟೆಯನ್ನೇ ನೋಡುತ್ತ ಕೂತಳು.

“ಅಪ್ಪಾ, ನಾನು ಉಂಡಿಲ್ಲ. ಅವ್ರು ಉಂಡ್ರು.”

“ಯಾರು ಪುಟ್ಟಾ?”

ತಟ್ಟೆಯ ಆಚೆ ಬದಿಗೆ ಬೆರಳು ತೋರಿಸಿದಳು. ಅಲ್ಲಿ ಬರೀ ನೆಲವಿತ್ತು. ಸಕ್ಕರೆ ನೀರು ಕುಡಿಸಿದ ಮೇಲೆ ಅವಳಿಗೆ ಯಾವುದೂ ನೆನಪಿರಲಿಲ್ಲ.

“ಅವ್ರಿಗೂ ಒಂದು ತುತ್ತು ಎತ್ತಿಡ್ಲಾ,” ಎಂದಳು ಅವ್ವ.

“ಯಾರಿಗವ್ವಾ? ನೀನೂ ಸರಿ.”

“ನೀನು ಓದಿರೋನು ಕಣಪ್ಪ, ಬುಡು. ನಾನೇ ಇಡ್ತೀನಿ.”

ದಿನಾ ಮೂಲೆಯಲ್ಲಿ ಬೇರೆ ತಟ್ಟೆ ಇಟ್ಟಳು. ನಾನು ನಕ್ಕೆ, ಆದರೆ ಆ ಮೂಲೆಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟೆ. ಒಂದು ಸಂಜೆ ತಟ್ಟೆ ಖಾಲಿಯಾಗಿತ್ತು. ಬೆಕ್ಕಿರಬೇಕು ಎಂದುಕೊಂಡೆ. ಬೆಕ್ಕನ್ನು ನೋಡಿದ ನೆನಪಿಲ್ಲ.

ಡಾಕ್ಟರು ಬೇರೆಯೇ ಹೇಳಿದರು. “ಕರುಳು ಇನ್ನೂ ಮಾಯ್ದಿಲ್ಲ. ಉಂಡಿದ್ದು ರಕ್ತಕ್ಕೆ ಸರಿಯಾಗಿ ಸೇರ್ತಿಲ್ಲ, ಇನ್ಸುಲಿನ್ ಮಾತ್ರ ತನ್ನ ಕೆಲ್ಸ ಮಾಡುತ್ತೆ. ಎಲ್ಲಿಂದಲೋ ಗೋಧಿ ಹೋಗ್ತಿದೆ, ಹುಡುಕಿ.”

ಅಡುಗೆಮನೆ ಜಾಲಾಡಿ ಏನೂ ಸಿಗದೆ, ಕೊನೆಗೆ ಹಿಟ್ಟಿನ ಮಿಲ್ಲಿಗೆ ಹೋದೆ. ಅಲ್ಲಿಯವರೆಗೆ ರಾಗಿ ಚೀಲ ಕೊಟ್ಟು ಬರುತ್ತಿದ್ದೆನೇ ಹೊರತು ನಿಂತು ನೋಡಿರಲಿಲ್ಲ.

“ಕಾಯಿಲೆ ಮಗೀಂದು ಅಂತ ಯಾವತ್ತೂ ಬಂದಿರೋ ರಾಗೀಲೆಲ್ಲಾ ನಿಮ್ದೇ ಮೊದ್ಲು ಆಕೋದು ಸಾ,” ಎಂದ ಮಿಲ್ಲಿನವನು, ಪ್ರೀತಿಯಿಂದಲೇ.

“ಅದಕ್ಕೂ ಮುಂಚೆ?”

“ಗೋಧಿ ಸಾ. ರಾಗಿ ಆದ್ಮೇಲೆ ಗೋಧಿ ಆಕಿದ್ರೆ ಹಿಟ್ಟು ಕಪ್ಪಾಯ್ತದೆ. ಎಂಗಸ್ರು ನನ್ನ ಸುಮ್ನೆ ಬುಟ್ಟಾರಾ?”

ಆಮೇಲೆ ಮನೆಯ ಬೀಸುಕಲ್ಲಿನಲ್ಲೇ ಬೀಸಿದೆವು. ತಿಂಗಳುಗಳು ಕಳೆದಂತೆ ಸಕ್ಕರೆ ಹಾಗೆ ಕುಸಿಯುವುದು ಕಡಿಮೆಯಾಯಿತು. ಅವ್ವ ಅದು ತಟ್ಟೆಯ ಮಹಿಮೆ ಎಂದಳು.

ಆದರೆ ಇನ್ನೊಂದು ಬೆಳಿಗ್ಗೆ ಮತ್ತೆ ಆ ಮಿಲ್ಲಿಗೆ ಹೋಗಿ, ಗೋಧಿ ಮುಗಿದ ಕೂಡಲೇ ಒಂದು ಸೇರು ರಾಗಿ ಹಾಕಿಸಿ, ಹಿಟ್ಟು ಬೀಳುವ ಬಾಯಿಗೆ ಕೈಯೊಡ್ಡಿ ನಿಂತೆ. ಮೊದಲು ಬಿದ್ದ ಎರಡು ಬೊಗಸೆ ಹಿಟ್ಟು ಬೆಳ್ಳಗಿತ್ತು.