ಗುಡುಗಮ್ಮ ಮೋಟಾರು ನಿಲ್ಲಿಸುವ ಹೊತ್ತು
ಹೊಲಿಗೆ ಕಾರ್ಖಾನೆಯ ಮೇಲ್ವಿಚಾರಕಿಗೆ ಅಲ್ಲಿನ ಹೆಂಗಸರು ಇಟ್ಟ ಹೆಸರು ಗುಡುಗಮ್ಮ. ಅವಳು ಪಿಸುಗುಟ್ಟಿದರೂ ಎರಡು ಬೀದಿ ಆಚೆಯ ನಾಯಿ ಎದ್ದು ಕೂರುತ್ತದಂತೆ. ಕಾಲರ್ ಸೊಟ್ಟಗಾದರೆ "ಹಾಕ್ಕೊಳ್ಳೋನ ಕತ್ತೂ ಸೊಟ್ಟಗಿದೆಯಾ?" ಎನ್ನುತ್ತಾಳೆ, ಕೆಮ್ಮಿದವರಿಗೆ ಬಿಸಿನೀರನ್ನೂ ಬೈದೇ ಕೊಡುತ್ತಾಳೆ. ಗುಂಡಿ ಹೊಲಿಯುವ ತುಂಬು ಬಸುರಿಗೆ ಯಂತ್ರಗಳ ನಡುಕದಲ್ಲಿ ಮಗುವಿನ ಮಿಸುಕಾಟ ತಿಳಿಯುತ್ತಿಲ್ಲವೆಂದು ಗೊತ್ತಾದ ಮೇಲೆ, "ಮೋಟಾರು ಕಾದಿದೆ" ಎಂದು ದಿನವೂ ಮಧ್ಯಾಹ್ನ ಎಲ್ಲ ಯಂತ್ರಗಳನ್ನೂ ನಿಲ್ಲಿಸತೊಡಗಿದಳು. ಕಾದು ಕೂತದ್ದು ಮೋಟಾರಲ್ಲ, ಗುಡುಗಮ್ಮ ಎಂಬುದು ಎಲ್ಲರಿಗೂ ತಿಳಿದಿತ್ತು. ಬಸುರಿ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕರೆ ಮೋಟಾರು ತಣ್ಣಗಾದಂತೆ. ಒಂದು ದಿನ ಆಕೆ ನಗಲಿಲ್ಲ. "ಬೆಳಗ್ಗೆಯಿಂದ ಅಷ್ಟಾಗಿ ಆಡ್ತಿಲ್ಲ ಮೇಡಂ. ನಾಳೆ ನೋಡ್ತೀನಿ. ಏನೂ ಇಲ್ದೆ ಹೋದ್ರೆ ಆಸ್ಪತ್ರೆಯಲ್ಲಿ ನಗ್ತಾರೆ." "ನಗಲಿ ಬಿಡು. ನಗಿಸ್ಕೊಂಡು ವಾಪಸ್ ಬರೋದಕ್ಕಿಂತ ಲಾಭ ಇನ್ನೇನಿದೆ? ನಡಿ" ಎಂದು ಗುಡುಗಮ್ಮ ಕೈಹಿಡಿದು ಕರೆದೊಯ್ದಳು. ಅಲ್ಲಿ ಯಾರೂ ನಗಲಿಲ್ಲ. ಮಗುವಿನ ಎದೆಬಡಿತ ನೋಡಿದ ವೈದ್ಯೆ "ಸರಿಯಾದ ಹೊತ್ತಿಗೆ ಬಂದ್ರಿ" ಎಂದು ಅಂದೇ ಹೆರಿಗೆ ಮಾಡಿಸಿದಳು. ಮಗು ಗುಂಡುಗುಂಡಾದ ಮೇಲೆ ತಾಯಿ ಅದನ್ನು ಕಾರ್ಖಾನೆಗೆ ತಂದಳು. "ಹೋಗು, ಅಜ್ಜಿ ಹತ್ರ" ಎಂದು ಗುಡುಗಮ್ಮನ ಕೈಗಿತ್ತಳು. "ಅಜ್ಜಿಯಂತೆ ಅಜ್ಜಿ. ದೊಡ್ಡಮ್ಮ ಅನ್ನು" ಎಂದು ಅವಳು ಗದರಿದಳು. ಒಡಹುಟ್ಟಿದವರಿಲ್ಲದ ಆ ತಾಯಿ ಕಣ್ಣೊರೆಸಿಕೊಂಡು, "ಆಯ್ತು, ಅಕ್ಕ" ಎಂದಳು.