ಮುಖವಿಲ್ಲದೆ ಸತ್ತವರು

ಸಮುರಾಯ್ ಯೋಧರ ಕತ್ತಿವರಸೆಯ ಅನಿಮೇಷನ್ ಚಿತ್ರಗಳಲ್ಲೇ ಒರಿಕಾಸ ಮಿತ್ಸುಯೊಳ ತಲೆ ನರೆತಿತ್ತು. ಟೋಕಿಯೊದ ಸ್ಟುಡಿಯೊ ಒಂದರಲ್ಲಿ, ಬೇರೆಯವರು ಬರೆದ ಹಾಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಪಟಪಟನೆ ಮಗುಚಿ, ಚಲನೆ ಸರಿಯಿದ್ದರೆ ಮೊಹರು ಒತ್ತುವುದು ಅವಳ ಕೆಲಸ.

ಹೊಸ ಚಿತ್ರದಲ್ಲಿ ಕತ್ತಿ ನೀರಿನಂತೆ ಹರಿಯುತ್ತಿತ್ತು. ನಾಯಕನ ರೆಪ್ಪೆಯ ಕೂದಲೂ ಗಾಳಿಗೆ ಅಲುಗುತ್ತಿತ್ತು. ಅವನ ಕೈಯಲ್ಲಿ ಸಾಯುವ ಹಳ್ಳಿಗರಿಗೆ ಮಾತ್ರ ಮುಖವೇ ಇಲ್ಲ, ಮೊಟ್ಟೆಯಂಥ ಬಿಳಿ ಬೋಳು. ಕೊಲ್ಲುವವನಿಗೆ ರೆಪ್ಪೆ, ಸಾಯುವವನಿಗೆ ಕಣ್ಣೂ ಇಲ್ಲ! ಇದನ್ನು ಕಲೆ ಎನ್ನಲು ನಾಚಿಕೆಯಾಗಬೇಕು.

"ಇವರಿಗೂ ಕಣ್ಣು ಬರೆಸಿ, ನುಮಾತ-ಸಾನ್. ಇಲ್ಲಾಂದ್ರೆ ನಾನು ಮೊಹರು ಒತ್ತಲ್ಲ," ಎಂದಳು ನಿರ್ದೇಶಕ ನುಮಾತನಿಗೆ.

"ಅಯ್ಯೋ, ಅರೆಗಳಿಗೇಲಿ ಸಾಯೋರಿಗೆ ಕಣ್ಣು ಯಾಕ್ರೀ? ಜನ ನೋಡೋದು ಕತ್ತೀನ. ಒತ್ತಿ, ಇಲ್ಲಾ ಮನೇಲಿ ಕೂತು ಉಪ್ಪಿನಕಾಯಿ ಹಾಕ್ಕೊಳ್ಳಿ!"

ಕೆಲಸ ಹೋದರೆ ಅವಳಿಗೆ ಬೇರೆ ಗತಿಯಿರಲಿಲ್ಲ. ಮೊಹರು ಎತ್ತಿಕೊಂಡು ಕೊನೆಯ ಬಾರಿ ಹಾಳೆ ಮಗುಚಿದಾಗ, ಬಿದ್ದವನೊಬ್ಬನ ಬೋಳು ಮುಖ ಮೆಲ್ಲಗೆ ಅವಳತ್ತ ಹೊರಳಿತು. ಅಂಥ ಹಾಳೆಯನ್ನು ಯಾರೂ ಬರೆದಿರಲಿಲ್ಲ. ಅವನೊಬ್ಬನಿಗೆ ಕಣ್ಣು ಬರೆದು, ಮೊಹರು ಒತ್ತಿಬಿಟ್ಟಳು.

ಸ್ಟುಡಿಯೊದವರಿಗೆಂದೇ ಇಟ್ಟ ಮೊದಲ ಪ್ರದರ್ಶನದಲ್ಲಿ ಕತ್ತಿ ಬೀಸಿದೊಡನೆ ಚಪ್ಪಾಳೆ ಬಿತ್ತು, ಮರುಕ್ಷಣ ನಿಂತಿತು. ತೆರೆಯ ಮೇಲೆ ಬಿದ್ದವರೆಲ್ಲ ಕಣ್ಣು ತೆರೆದಿದ್ದರು. ಯಾರೂ ನಾಯಕನನ್ನು ನೋಡುತ್ತಿರಲಿಲ್ಲ; ಚಪ್ಪಾಳೆ ತಟ್ಟಿದವರನ್ನು ನೋಡುತ್ತಿದ್ದರು.

"ಇಷ್ಟೊಂದು ಕಣ್ಣು ಯಾರ್ರೀ ಬರೆದಿದ್ದು?" ನುಮಾತ ಅವಳತ್ತ ತಿರುಗಿ ಕೇಳಿದ.

"ನಾನು ಬರೆದಿದ್ದು ಒಬ್ಬನಿಗೆ," ಎಂದಳು ಮಿತ್ಸುಯೊ, ತೆರೆಯಿಂದ ಕಣ್ಣು ಕೀಳದೆ.